ಹಾಡಿಗೆ ಹಣ ಕೊಡುವವರು ಯಾರು?

ಸಹೋದರಿಯರೇ, ಒಂದು ಹಾಡಿನ ಬೆಲೆ ಎಷ್ಟು ಎಂದು ಯಾರಾದರೂ ಕೇಳಿದರೆ ನೀವು ಏನು ಹೇಳುತ್ತೀರಿ? ಟೊಮೆಟೊ ಬೆಲೆ ಕೇಳಿದರೆ ತಟ್ಟನೆ ಹೇಳುತ್ತೀರಿ. ಗ್ಯಾಸ್ ಸಿಲಿಂಡರಿನದು, ಮಕ್ಕಳ ಶಾಲಾ ವ್ಯಾನಿನದು, ಮೊಬೈಲ್ ರೀಚಾರ್ಜಿನದು ಎಲ್ಲವೂ ನಿಮ್ಮ ನಾಲಗೆಯ ತುದಿಯಲ್ಲಿವೆ. ಆದರೆ ಮಗಳು ಪಾತ್ರೆ ತೊಳೆಯುತ್ತಾ ಗುನುಗುವ ನಅತ್, ಮದುವೆ ಮನೆಯಲ್ಲಿ ಹಾಕುವ ಬ್ಯಾರಿ ಹಾಡು, ಬಸ್ಸಿನಲ್ಲಿ ಕಿವಿಗೆ ಬೀಳುವ ಸಿನಿಮಾ ಹಾಡು ಇವುಗಳ ಬೆಲೆ? "ಅದಕ್ಕೆಲ್ಲ ಯಾರು ದುಡ್ಡು ಕೊಡ್ತಾರೆ?" ಎಂಬುದೇ ಹೆಚ್ಚಿನ ಮನೆಗಳ ಉತ್ತರ.

ಇದು ನಮ್ಮ ಮನೆಗಳ ಮಾತು ಮಾತ್ರವಲ್ಲ. ಇಪ್ಪತ್ತೈದು ವರ್ಷಗಳ ಹಿಂದೆ ಅಮೆರಿಕದ ಸಿರಿವಂತ ಮನೆಗಳಲ್ಲೂ ಇದೇ ಮಾತಿತ್ತು. ಇಂಟರ್ನೆಟ್ಟಿನಲ್ಲಿ ಬಿಟ್ಟಿಯಾಗಿ ಸಿಗುವುದಕ್ಕೆ ಜನ ಹಣ ಕೊಡುತ್ತಾರೆಯೇ ಎಂಬ ಪ್ರಶ್ನೆಯ ಮೇಲೆ ದೊಡ್ಡ ದೊಡ್ಡ ಕಂಪೆನಿಗಳು ತಲೆ ಕೆಡಿಸಿಕೊಂಡವು, ಸಾವಿರಾರು ಮನೆಗಳಿಗೆ ಕೋರ್ಟಿನ ಕಾಗದಗಳು ಹೋದವು. ಆ ಕಥೆಯನ್ನು ಸ್ವಲ್ಪ ಬಿಡಿಸಿ ನೋಡಿದರೆ ನಮ್ಮ ಮನೆಯ ಲೆಕ್ಕವೂ ಅದರೊಳಗೆ ಸಿಗುತ್ತದೆ.

ಹಾಡು ಕೇಳುವುದು ಧರ್ಮಸಮ್ಮತವೇ, ಯಾವ ಹಾಡು, ಯಾವ ವಾದ್ಯ ಎಂಬ ಚರ್ಚೆಗೆ ನಾನು ಇಲ್ಲಿ ಇಳಿಯುವುದಿಲ್ಲ. ಅದರ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ, ನಿಮ್ಮ ಮನೆಯ ನಿಲುವು ನಿಮಗೆ ಬಿಟ್ಟದ್ದು. ತರಗತಿಯಲ್ಲಿ ಒಬ್ಬ ಚುರುಕು ಹುಡುಗ ಒಮ್ಮೆ ಕೇಳಿದ್ದ: "ಉಸ್ತಾದ್, ಸಿನಿಮಾ ಹಾಡು ಹೇಗೂ ಕೇಳಬಾರದು. ಹಾಗಿದ್ದ ಮೇಲೆ ಅದನ್ನು ಕದ್ದರೆ ತಪ್ಪೇನು?" ಇಡೀ ತರಗತಿ ನಕ್ಕಿತು. ಹೆಂಡದಂಗಡಿಯ ಬೆಂಚನ್ನು ಎತ್ತಿಕೊಂಡು ಬಂದವನು ಕಳ್ಳನಲ್ಲವೇ ಎಂದು ನಾನು ಕೇಳಿದ ಮೇಲೆ ಅವನೂ ನಕ್ಕ. ನಅತ್ ಆಗಲಿ, ಕುರ್‌ಆನ್ ಪಾರಾಯಣದ ಸಿ.ಡಿ. ಆಗಲಿ, ಸಿನಿಮಾ ಹಾಡಾಗಲಿ, ದುಡಿದವನಿಗೆ ಹಣ ಸಲ್ಲುತ್ತದೆಯೇ ಎಂಬ ಪ್ರಶ್ನೆ ಎಲ್ಲದಕ್ಕೂ ಒಂದೇ.

ತೊಂಬತ್ತೊಂಬತ್ತು ಸೆಂಟ್

1999ರ ಜೂನ್‌ನಲ್ಲಿ ಶಾನ್ ಫ್ಯಾನಿಂಗ್ ಎಂಬ ಹದಿನೆಂಟರ ಹುಡುಗ ನ್ಯಾಪ್‌ಸ್ಟರ್ ಎಂಬ ತಂತ್ರಾಂಶವನ್ನು ಹೊರತಂದ. ಒಬ್ಬರ ಕಂಪ್ಯೂಟರಿನಲ್ಲಿರುವ ಹಾಡನ್ನು ಇನ್ನೊಬ್ಬರು ತಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಅದರಿಂದ ಸುಲಭವಾಯಿತು. ಅಂಗಡಿಗೆ ಹೋಗಬೇಕಿಲ್ಲ, ಒಂದೇ ಒಂದು ಹಾಡಿಗಾಗಿ ಹನ್ನೆರಡು ಹಾಡುಗಳ ಸಿ.ಡಿ. ಕೊಳ್ಳಬೇಕಿಲ್ಲ. ಕೋಟ್ಯಂತರ ಜನ ಅದಕ್ಕೆ ಮುಗಿಬಿದ್ದರು. ಸಂಗೀತ ಕಂಪೆನಿಗಳು ನ್ಯಾಯಾಲಯಕ್ಕೆ ಹೋದವು, 2001ರ ಜುಲೈಯಲ್ಲಿ ನ್ಯಾಪ್‌ಸ್ಟರ್ ಬಾಗಿಲು ಮುಚ್ಚಿತು. ಆದರೆ ಅಷ್ಟರಲ್ಲಿ ಕಝಾದಂತಹ ಬೇರೆ ಬಾಗಿಲುಗಳು ತೆರೆದಾಗಿತ್ತು.

ಕಂಪೆನಿಗಳು ತಾವೇ ಕಾನೂನುಬದ್ಧ ಅಂಗಡಿ ತೆರೆಯಲಿಲ್ಲವೇ? ತೆರೆದವು. 2001ರ ಕೊನೆಗೆ ಮ್ಯೂಸಿಕ್‌ನೆಟ್ ಮತ್ತು ಪ್ರೆಸ್‌ಪ್ಲೇ ಎಂಬ ಎರಡು ಸೇವೆಗಳು ಬಂದವು. ಆದರೆ ಒಂದರಲ್ಲಿ ಕೆಲವು ಕಂಪೆನಿಗಳ ಹಾಡು, ಇನ್ನೊಂದರಲ್ಲಿ ಉಳಿದವರ ಹಾಡು. ತಿಂಗಳ ಚಂದಾ ಕಟ್ಟಬೇಕು, ಚಂದಾ ನಿಂತರೆ ಹಾಡೂ ನಿಂತಿತು. ಅಕ್ಕಿ ಒಂದು ಅಂಗಡಿಯಲ್ಲಿ, ಬೇಳೆ ಇನ್ನೊಂದರಲ್ಲಿ, ಎರಡನ್ನೂ ಮನೆಗೆ ಕೊಂಡೊಯ್ಯುವಂತಿಲ್ಲ, ಅಲ್ಲೇ ಬೇಯಿಸಿ ಉಣ್ಣಬೇಕು ಎಂದರೆ ಯಾರು ಹೋಗುತ್ತಾರೆ? ಅವೆರಡೂ ಸೋತವು. "ನೋಡಿ, ಜನ ಹಣ ಕೊಡುವುದಿಲ್ಲ" ಎಂಬ ತೀರ್ಮಾನಕ್ಕೆ ಹಲವರು ಬಂದರು.

2003ರ ಏಪ್ರಿಲ್ 28ರಂದು ಆಪಲ್ ಕಂಪೆನಿ ಐಟ್ಯೂನ್ಸ್ ಎಂಬ ಹಾಡಿನ ಅಂಗಡಿಯನ್ನು ಇಂಟರ್ನೆಟ್ಟಿನಲ್ಲಿ ತೆರೆಯಿತು. ಎರಡು ಲಕ್ಷ ಹಾಡುಗಳು, ಒಂದಕ್ಕೆ 99 ಸೆಂಟ್. ಅಂದರೆ ಒಂದು ಡಾಲರಿಗೂ ಒಂದು ಸೆಂಟ್ ಕಡಿಮೆ. ಬೇಕಾದ ಒಂದೇ ಹಾಡನ್ನು ಕೊಳ್ಳಬಹುದು, ಕೊಂಡದ್ದು ನಿಮ್ಮದೇ. ಆಗ ಅದು ಅಮೆರಿಕದಲ್ಲಿ, ಅದೂ ಆಪಲ್‌ನ ಕಂಪ್ಯೂಟರ್ ಇದ್ದವರಿಗೆ ಮಾತ್ರ ಸಿಗುತ್ತಿತ್ತು. ಹಾಗಿದ್ದೂ ಮೊದಲ ವಾರದಲ್ಲೇ ಹತ್ತು ಲಕ್ಷ ಹಾಡುಗಳು ಮಾರಾಟವಾದವು. ಒಂದು ವರ್ಷದಲ್ಲಿ ಏಳು ಕೋಟಿ. 2006ರ ಫೆಬ್ರವರಿಗೆ ನೂರು ಕೋಟಿ! ಬಿಟ್ಟಿ ಹಾಡು ಅದೇ ಕಂಪ್ಯೂಟರಿನಲ್ಲಿ ಸಿಗುತ್ತಿದ್ದಾಗಲೇ ಜನ ಹಣ ಕೊಟ್ಟು ಕೊಂಡರು ಎಂಬುದನ್ನು ಗಮನಿಸಿ.

2003ರ ಸೆಪ್ಟೆಂಬರಿನಲ್ಲಿ ಇನ್ನೊಂದು ಘಟನೆ ನಡೆಯಿತು. ಅಮೆರಿಕದ ಸಂಗೀತ ಕಂಪೆನಿಗಳ ಸಂಘ ಹಾಡು ಹಂಚಿಕೊಂಡ 261 ಮಂದಿಯ ಮೇಲೆ ಒಟ್ಟಿಗೇ ದಾವೆ ಹೂಡಿತು. ಅವರಲ್ಲೊಬ್ಬಳು ನ್ಯೂಯಾರ್ಕಿನ ಸರಕಾರಿ ವಸತಿಯಲ್ಲಿ ತಾಯಿಯ ಜೊತೆ ವಾಸಿಸುತ್ತಿದ್ದ ಹನ್ನೆರಡು ವರ್ಷದ ಬಾಲಕಿ. ಆ ತಾಯಿ 2,000 ಡಾಲರ್ ಕೊಟ್ಟು ರಾಜಿ ಮಾಡಿಕೊಳ್ಳಬೇಕಾಯಿತು. ಮಗಳು ಹಾಡು ಕೇಳಿದ್ದಕ್ಕೆ ತಾಯಿ ತೆತ್ತ ಬೆಲೆಯಿದು. ಸುಮಾರು 35 ಸಾವಿರ ಮಂದಿಯನ್ನು ಹೀಗೆ ಗುರಿ ಮಾಡಿದ ಬಳಿಕ 2008ರ ಡಿಸೆಂಬರಿನಲ್ಲಿ ಸಂಘ ಆ ದಾರಿಯನ್ನು ಕೈಬಿಟ್ಟಿತು. ಅಷ್ಟು ವರ್ಷಗಳ ದಾವೆಗಳಿಂದ ಕದ್ದು ಇಳಿಸಿಕೊಳ್ಳುವುದೇನೂ ನಿಲ್ಲಲಿಲ್ಲ. ಹೆದರಿಕೆ ಮಾಡದ ಕೆಲಸವನ್ನು 99 ಸೆಂಟಿನ ಒಂದು ಒಳ್ಳೆಯ ಅಂಗಡಿ ಮಾಡಿತ್ತು.

ಆ ಅಂಗಡಿಯಲ್ಲೂ ಒಂದು ವಿಚಿತ್ರವಿತ್ತು. ಹಣ ಕೊಟ್ಟು ಕೊಂಡ ಹಾಡಿಗೆ ಬೀಗ ಹಾಕಿರುತ್ತಿದ್ದರು. ಆಪಲ್ ಅನುಮತಿಸಿದ ಕಂಪ್ಯೂಟರ್ ಮತ್ತು ಐಪಾಡ್‌ನಲ್ಲಲ್ಲದೆ ಬೇರೆ ಕಂಪೆನಿಯ ಯಂತ್ರದಲ್ಲಿ ಅದು ನುಡಿಯುತ್ತಿರಲಿಲ್ಲ. ಕದ್ದ ಹಾಡಿಗೆ ಬೀಗವಿಲ್ಲ, ಎಲ್ಲಿ ಬೇಕಾದರೂ ಹಾಡುತ್ತದೆ. ಪ್ರಾಮಾಣಿಕ ಗಿರಾಕಿಗೆ ಶಿಕ್ಷೆ, ಕಳ್ಳನಿಗೆ ಸ್ವಾತಂತ್ರ್ಯ! ಈ ಬೀಗ ಬೇಡವೆಂದು 2007ರಲ್ಲಿ ಆಪಲ್‌ನ ಸ್ಟೀವ್ ಜಾಬ್ಸ್ ಅವರೇ ಬಹಿರಂಗ ಪತ್ರ ಬರೆದರು. 2009ರಲ್ಲಿ ಬೀಗ ತೆಗೆಯಲಾಯಿತು. ಆಮೇಲೂ ಮಾರಾಟ ಕುಸಿಯಲಿಲ್ಲ. 2010ರ ಫೆಬ್ರವರಿಗೆ ಲೆಕ್ಕ ಸಾವಿರ ಕೋಟಿ ಹಾಡುಗಳಿಗೆ ಮುಟ್ಟಿತ್ತು.

ಗಿರಾಕಿಯೇ ಬೆಲೆ ನಿರ್ಧರಿಸಲಿ ಎಂದವರೂ ಇದ್ದಾರೆ. ಇಂಗ್ಲೆಂಡಿನ ರೇಡಿಯೋಹೆಡ್ ಎಂಬ ತಂಡ 2007ರ ಅಕ್ಟೋಬರಿನಲ್ಲಿ ತನ್ನ ಹೊಸ ಆಲ್ಬಮನ್ನು ಇಂಟರ್ನೆಟ್ಟಿನಲ್ಲಿಟ್ಟು, ನಿಮಗೆ ತೋಚಿದಷ್ಟು ಕೊಡಿ, ಏನೂ ಕೊಡದಿದ್ದರೂ ಸರಿ ಎಂದಿತು. ಹತ್ತರಲ್ಲಿ ಆರು ಮಂದಿ ಏನೂ ಕೊಡಲಿಲ್ಲವೆಂದು ಒಂದು ಸಮೀಕ್ಷಾ ಸಂಸ್ಥೆ ಹೇಳಿತು, ತಂಡ ಆ ಲೆಕ್ಕವನ್ನು ಒಪ್ಪಲಿಲ್ಲ. ಆ ಸಮೀಕ್ಷೆಯನ್ನೇ ನಂಬಿದರೂ ಉಳಿದ ನಾಲ್ವರು, ಬೇಡವೆಂದರೂ ಕೊಟ್ಟರಲ್ಲ! ನನಗೆ ಅಚ್ಚರಿಯೆನಿಸಿದ್ದು ಆ ನಾಲ್ವರ ಬಗ್ಗೆ.

ನಾವೂ ಕೊಟ್ಟಿದ್ದೇವೆ, ಆದರೆ ಯಾರಿಗೆ?

ಈಗ ನಮ್ಮ ಊರಿಗೆ ಬನ್ನಿ. ನಮ್ಮ ಜನ ಹಾಡಿಗೆ ಹಣ ಕೊಡುವುದಿಲ್ಲ ಎಂಬ ಮಾತೇ ಪೂರ್ತಿ ನಿಜವಲ್ಲ.

ಗಲ್ಫಿನಿಂದ ರಜೆಗೆ ಬರುತ್ತಿದ್ದ ಅಪ್ಪ, ಅಣ್ಣಂದಿರ ಪೆಟ್ಟಿಗೆಯಲ್ಲಿ ಟೇಪ್ ರೆಕಾರ್ಡರ್ ಇರುತ್ತಿದ್ದ ಕಾಲವನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ. ಈಜಿಪ್ಟಿನ ಖಾರಿ ಅಬ್ದುಲ್ ಬಾಸಿತ್ ಅವರ ಪಾರಾಯಣ, ಮಾಪಿಳ್ಳ ಹಾಡು, ಉರ್ದು ನಅತ್, ಕವ್ವಾಲಿ ಎಲ್ಲವನ್ನೂ ಕ್ಯಾಸೆಟ್ ರೂಪದಲ್ಲಿ ಕೊಂಡು ಜೋಪಾನ ಮಾಡಿದವರು ನಾವೇ. ದಿಲ್ಲಿಯ ದರಿಯಾಗಂಜ್‌ನಲ್ಲಿ ಹಣ್ಣಿನ ರಸ ಮಾರುತ್ತಿದ್ದ ಕುಟುಂಬದ ಗುಲ್ಶನ್ ಕುಮಾರ್ ಅವರು 1980ರ ದಶಕದಲ್ಲಿ ಟಿ-ಸೀರೀಸ್ ಮೂಲಕ ಕ್ಯಾಸೆಟ್ಟನ್ನು ಅಗ್ಗ ಮಾಡಿ, ಸಂಗೀತದ ಅಂಗಡಿಗಳಷ್ಟೇ ಅಲ್ಲ, ಪಾನ್ ಅಂಗಡಿ, ದಿನಸಿ ಅಂಗಡಿಗಳಿಗೂ ಮುಟ್ಟಿಸಿದರು. ಬೆಲೆ ಕೈಗೆಟುಕಿತು, ಸರಕು ಮನೆಯ ಪಕ್ಕಕ್ಕೆ ಬಂತು, ಜನ ಕೊಂಡರು. (ಹಳೆಯ ಹಾಡುಗಳನ್ನು ಬೇರೆ ಗಾಯಕರಿಂದ ಹಾಡಿಸಿ, ಕಾನೂನಿನ ಸಂದಿಯಲ್ಲಿ ನುಸುಳಿ ಬೆಳೆದ ಆ ಕಂಪೆನಿಯೇ ಮುಂದೆ ಹಕ್ಕುಸ್ವಾಮ್ಯಕ್ಕಾಗಿ ಎಲ್ಲರಿಗಿಂತ ಜೋರಾಗಿ ಕೋರ್ಟು ಹತ್ತಿತು. ಇರಲಿ.)

ಆಮೇಲೆ ಮೊಬೈಲ್ ಬಂತು. ಊರ ಬಸ್‌ಸ್ಟ್ಯಾಂಡಿನ ಪಕ್ಕದ ಮೊಬೈಲ್ ಅಂಗಡಿ ನೆನಪಿದೆಯೇ? ಕಂಪ್ಯೂಟರಿನ ಮುಂದೆ ಕುಳಿತ ಹುಡುಗನ ಕೈಗೆ ಮೆಮೊರಿ ಕಾರ್ಡ್ ಕೊಟ್ಟರೆ ಮೂವತ್ತೋ ಐವತ್ತೋ ರೂಪಾಯಿಗೆ ಹಾಡು ತುಂಬಿಸಿ ಕೊಡುತ್ತಿದ್ದ. "ಹಿಂದಿ ಹಳೇದು ಬೇಕಾ, ಹೊಸದು ಬೇಕಾ, ನಅತ್ ಹಾಕ್ಲಾ?" ಎಂದು ಕೇಳಿ ಕೇಳಿ ತುಂಬಿಸುತ್ತಿದ್ದ. ನಾಲ್ಕು ಜಿ.ಬಿ.ಯ ಒಂದು ಕಾರ್ಡಿನಲ್ಲಿ, ಹಾಡೊಂದಕ್ಕೆ ಐದು ಎಂ.ಬಿ.ಯಂತೆ ಸುಮಾರು 800 ಹಾಡು ಹಿಡಿಯುತ್ತದೆ. ನಲವತ್ತು ರೂಪಾಯಿಗೆ 800 ಹಾಡು ಎಂದರೆ ಒಂದಕ್ಕೆ ಐದು ಪೈಸೆ. ಈ ಐದು ಪೈಸೆಯಲ್ಲಿ ಹಾಡಿದವನಿಗಾಗಲಿ ಬರೆದವನಿಗಾಗಲಿ ಹೋದದ್ದು ಸೊನ್ನೆ. ಹಣ ನಾವು ಕೊಟ್ಟೆವು, ಹಾಡಿಗೇ ಕೊಟ್ಟೆವು. ಅದು ತಲುಪಬೇಕಾದಲ್ಲಿಗೆ ತಲುಪಲಿಲ್ಲ ಅಷ್ಟೆ.

ಆ ಹುಡುಗನನ್ನು ದೂರುವುದು ಸುಲಭ. ಕಾನೂನಿನ ಪ್ರಕಾರ ಅವನದು ಅಪರಾಧವೂ ಹೌದು. 1957ರ ಹಕ್ಕುಸ್ವಾಮ್ಯ ಕಾಯ್ದೆಯ 63ನೆಯ ಕಲಂ ಪ್ರಕಾರ ಇದಕ್ಕೆ ಆರು ತಿಂಗಳಿನಿಂದ ಮೂರು ವರ್ಷಗಳವರೆಗೆ ಸಜೆ, 50 ಸಾವಿರದಿಂದ ಎರಡು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಆದರೆ ಅವನು ಕೊಟ್ಟ ಸೇವೆಯನ್ನೂ ನೋಡಿ. ಕಂಪ್ಯೂಟರ್ ಇಲ್ಲದ, ಬ್ಯಾಂಕ್ ಕಾರ್ಡ್ ಇಲ್ಲದ, ಇಂಗ್ಲಿಷ್ ಓದಲು ಬಾರದ ಒಬ್ಬ ಗೃಹಿಣಿ ಅಥವಾ ಕೂಲಿಯಾಳಿಗೆ ಅವನು ಅವರ ಭಾಷೆಯಲ್ಲಿ ಮಾತಾಡಿ, ನಗದು ಪಡೆದು, ಐದು ನಿಮಿಷದಲ್ಲಿ ಕೆಲಸ ಮುಗಿಸುತ್ತಿದ್ದ. ಕಾನೂನುಬದ್ಧ ಅಂಗಡಿಗಳಲ್ಲಿ ಯಾವುದೂ ಆಗ ಅಷ್ಟು ಮಾಡುತ್ತಿರಲಿಲ್ಲ.

ಕಾಲರ್ ಟ್ಯೂನ್ ಕಥೆ ಇನ್ನೂ ಸ್ವಾರಸ್ಯದ್ದು. ನಿಮಗೆ ಕರೆ ಮಾಡಿದವರ ಕಿವಿಗೆ ಟ್ರಿಣ್ ಟ್ರಿಣ್ ಬದಲು ಹಾಡು ಕೇಳಿಸಲು ತಿಂಗಳಿಗೆ ಮೂವತ್ತು ರೂಪಾಯಿ, ಹಾಡು ಬದಲಿಸಿದರೆ ಮತ್ತೆ ಹದಿನೈದು! ಅದೂ ಪೂರ್ತಿ ಹಾಡಲ್ಲ, ಅರ್ಧ ನಿಮಿಷದ ತುಣುಕು, ಅದನ್ನು ಹಣ ಕೊಟ್ಟವರು ಕೇಳುವುದೂ ಇಲ್ಲ. ಹಾಗಿದ್ದೂ ಕೋಟ್ಯಂತರ ಜನ ತಿಂಗಳು ತಿಂಗಳು ಕೊಟ್ಟರು. ಯಾಕೆ? ಕೊಡುವುದು ಸುಲಭವಾಗಿತ್ತು. ಒಂದು ಗುಂಡಿ ಒತ್ತಿದರೆ ಸಾಕು, ರೀಚಾರ್ಜ್ ಮಾಡಿದ್ದರಲ್ಲಿ ಹಣ ಕಡಿತವಾಗುತ್ತಿತ್ತು. ಎಷ್ಟು ಸುಲಭವೆಂದರೆ, ಬೇಡದವರ ಹಣವೂ ಕಡಿತವಾಗುತ್ತಿತ್ತು. ಅಜ್ಜಿ ಫೋನಿನಲ್ಲಿ ಸ್ಟಾರ್ ಗುಂಡಿ ಒತ್ತಿದ್ದಕ್ಕೆ ಮನೆಗೆ ಒಂದು ಪ್ರೇಮಗೀತೆ ಬಂದು ಕುಳಿತ ಪ್ರಸಂಗಗಳನ್ನು ನೀವೂ ಕೇಳಿರುತ್ತೀರಿ. ಗಿರಾಕಿಯ ಒಪ್ಪಿಗೆಯನ್ನು ಎರಡು ಬಾರಿ ಪಡೆಯಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಆದೇಶ ಮಾಡಬೇಕಾಯಿತು. ಜನರಿಗೆ ಕೊಟ್ಟ ಹಣಕ್ಕಿಂತ ಕೇಳದೆ ಕಿತ್ತುಕೊಂಡ ಹಣದ ನೋವು ದೊಡ್ಡದು.

ಬೆಂಗಳೂರಿನ ಒಂದು ಪ್ರಯೋಗ

ಐಟ್ಯೂನ್ಸ್‌ನಂತಹ ಅಂಗಡಿಯನ್ನು ನಮ್ಮ ಜನರಿಗಾಗಿ ತೆರೆದವರೂ ಇದ್ದರು, ಅದೂ ನಮ್ಮ ಬೆಂಗಳೂರಿನಲ್ಲೇ. ಪುಸ್ತಕ ಮಾರುತ್ತಾ ಬೆಳೆದ ಫ್ಲಿಪ್‌ಕಾರ್ಟ್ ಕಂಪೆನಿ 2012ರ ಫೆಬ್ರವರಿಯಲ್ಲಿ ಫ್ಲೈಟ್ ಎಂಬ ಹೆಸರಿನಲ್ಲಿ ಹಾಡುಗಳ ಮಾರಾಟ ಆರಂಭಿಸಿತು. ಹಿಂದಿ, ಇಂಗ್ಲಿಷ್ ಮಾತ್ರವಲ್ಲ, ಪ್ರಾದೇಶಿಕ ಭಾಷೆಗಳ ಹಾಡುಗಳೂ ಇದ್ದವು. ಒಂದು ಹಾಡಿಗೆ ಆರು ರೂಪಾಯಿಯಿಂದ ಹದಿನೈದು ರೂಪಾಯಿ. ಬೀಗವಿಲ್ಲದ ಎಂಪಿ3, ಒಳ್ಳೆಯ ಗುಣಮಟ್ಟ. ಅಮೆರಿಕದಲ್ಲಿ ಬೀಗ ತೆಗೆಯಲು ಆರು ವರ್ಷ ಹಿಡಿದಿತ್ತು, ಇಲ್ಲಿ ಮೊದಲ ದಿನದಿಂದಲೇ ಇರಲಿಲ್ಲ. ಒಂದು ಚಹಾದ ಬೆಲೆಗೆ ಹಾಡು, ಇನ್ನೇನು ಬೇಕು?

ಒಂದೂಕಾಲು ವರ್ಷ ಕಳೆಯಿತು. 2013ರ ಜೂನ್‌ನಲ್ಲಿ ಫ್ಲೈಟ್ ಮುಚ್ಚಿತು. ಕಂಪೆನಿ ಆಗ ಕೊಟ್ಟ ಕಾರಣಗಳಲ್ಲಿ ಎರಡು ಮುಖ್ಯ: ಒಂದು ಕಳ್ಳ ಪ್ರತಿಗಳ ಹಾವಳಿ, ಇನ್ನೊಂದು ಚಿಲ್ಲರೆ ಮೊತ್ತವನ್ನು ಸುಲಭವಾಗಿ ಪಾವತಿಸುವ ದಾರಿಯಿಲ್ಲದಿರುವುದು. ಮೊದಲನೆಯದನ್ನು ಎಲ್ಲರೂ ಹೇಳುತ್ತಾರೆ. ನನಗೆ ಎರಡನೆಯದೇ ಹೆಚ್ಚು ಮುಖ್ಯವೆನಿಸುತ್ತದೆ. ಇಂಟರ್ನೆಟ್ಟಿನಲ್ಲಿ ಕಾರ್ಡ್ ಬಳಸುವಾಗ ಕಾರ್ಡಿನ ಸಂಖ್ಯೆಯ ಜೊತೆ ಇನ್ನೊಂದು ಗುಪ್ತಸಂಖ್ಯೆಯನ್ನೂ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2009ರ ಆಗಸ್ಟಿನಿಂದ ಜಾರಿಯಲ್ಲಿತ್ತು. ಮೋಸ ತಡೆಯಲು ಅದು ಬೇಕಾದದ್ದೇ. ಆದರೆ ಒಂಬತ್ತು ರೂಪಾಯಿಯ ಹಾಡಿಗೆ ಹದಿನಾರು ಅಂಕಿಗಳ ಕಾರ್ಡ್ ಸಂಖ್ಯೆ ಒತ್ತಿ, ಗುಪ್ತಸಂಖ್ಯೆ ಒತ್ತಿ, ಮಧ್ಯದಲ್ಲಿ ನೆಟ್ ಹೋಗಿ, ಮತ್ತೆ ಮೊದಲಿನಿಂದ ಶುರು ಮಾಡುವಷ್ಟು ಸಹನೆ ಯಾರಿಗಿದೆ? ಪುಸ್ತಕವಾದರೆ ಅಂಚೆಯವನಂತೆ ಮನೆ ಬಾಗಿಲಿಗೆ ಬಂದವನ ಕೈಗೆ ನಗದು ಕೊಡಬಹುದು. ಫ್ಲಿಪ್‌ಕಾರ್ಟ್ ಬೆಳೆದದ್ದೇ ಹಾಗೆ. ಹಾಡನ್ನು ಯಾರೂ ಚೀಲದಲ್ಲಿ ಹೊತ್ತು ತರುವುದಿಲ್ಲವಲ್ಲ! ಇನ್ನು ನಮ್ಮ ಮನೆಗಳಲ್ಲಿ ಎಷ್ಟು ಹೆಂಗಸರ ಹೆಸರಿನಲ್ಲಿ ಆಗ ಕಾರ್ಡ್ ಇತ್ತು? ಕಾರ್ಡ್ ಇದ್ದದ್ದು ಯಜಮಾನರ ಕಿಸೆಯಲ್ಲಿ. ಒಂಬತ್ತು ರೂಪಾಯಿಯ ಹಾಡಿಗಾಗಿ ಅವರನ್ನು ಕೇಳುವುದಕ್ಕಿಂತ ಮಗನ ಬ್ಲೂಟೂತ್‌ನಿಂದ ಪಡೆದುಕೊಳ್ಳುವುದೇ ಸಲೀಸು.

2012ರ ಡಿಸೆಂಬರಿನಲ್ಲಿ ಐಟ್ಯೂನ್ಸ್ ಅಂಗಡಿ ಭಾರತಕ್ಕೂ ಬಂತು. ಆದರೆ ಅದು ಆಪಲ್‌ನ ಫೋನು, ಕಂಪ್ಯೂಟರ್ ಕೊಳ್ಳಬಲ್ಲವರ ಅಂಗಡಿಯಾಗಿಯೇ ಉಳಿಯಿತು.

ಕವಿಯ ಪಾಲು

ಹಣ ಕೊಟ್ಟರೂ ಅದು ಹಾಡು ಕಟ್ಟಿದವನಿಗೆ ಸಿಗುತ್ತದೆಯೇ? ಇದು ನ್ಯಾಯವಾದ ಪ್ರಶ್ನೆ. "ಕಂಪೆನಿಯವರ ಹೊಟ್ಟೆ ತುಂಬಿಸಲು ನಾನೇಕೆ ಕೊಡಲಿ?" ಎಂದು ಕಾಲೇಜಿನ ಹುಡುಗರು ವಾದಿಸುತ್ತಾರೆ. ಅವರ ವಾದದಲ್ಲಿ ಸತ್ಯಾಂಶವಿದೆ. ನಮ್ಮ ದೇಶದಲ್ಲಿ 1977ರ ಸುಪ್ರೀಂ ಕೋರ್ಟ್ ತೀರ್ಪೊಂದರ ಬಳಿಕ, ಬೇರೆ ಒಪ್ಪಂದವಿಲ್ಲದಿದ್ದರೆ ಸಿನಿಮಾಕ್ಕಾಗಿ ಬರೆಸಿದ ಹಾಡಿನ ಹಕ್ಕು ನಿರ್ಮಾಪಕನದೇ ಎಂದಾಯಿತು. ನಿರ್ಮಾಪಕನಿಂದ ಅದು ಸಂಗೀತ ಕಂಪೆನಿಗೆ ಹೋಗುತ್ತಿತ್ತು. ಹಾಡು ಬರೆದ ಕವಿ ಒಮ್ಮೆ ಪಡೆದದ್ದಷ್ಟೇ. ಮುಂದೆ ಅದೇ ಹಾಡು ಕ್ಯಾಸೆಟ್ ಆಗಿ, ಸಿ.ಡಿ. ಆಗಿ, ಕಾಲರ್ ಟ್ಯೂನ್ ಆಗಿ ಎಷ್ಟು ಕೋಟಿ ಗಳಿಸಿದರೂ ಕವಿಯ ವಿಧವೆ ಬಾಡಿಗೆ ಮನೆಯಲ್ಲೇ ಇರಬೇಕಾಗಿತ್ತು.

ಇದು ಬದಲಾದದ್ದು 2012ರಲ್ಲಿ. ಕವಿ ಜಾವೇದ್ ಅಖ್ತರ್ ಅವರು ಆಗ ರಾಜ್ಯಸಭೆಯ ಸದಸ್ಯರಾಗಿದ್ದರು. ಅವರೂ ಇತರ ಕವಿ-ಸಂಯೋಜಕರೂ ಹಲವು ವರ್ಷ ಹೋರಾಡಿದ ಫಲವಾಗಿ ಹಕ್ಕುಸ್ವಾಮ್ಯ ಕಾಯ್ದೆಗೆ ತಿದ್ದುಪಡಿಯಾಯಿತು, ಜೂನ್ 21ರಿಂದ ಜಾರಿಗೆ ಬಂತು. ಚಿತ್ರಮಂದಿರದಲ್ಲಿ ಸಿನಿಮಾ ತೋರಿಸುವುದನ್ನು ಬಿಟ್ಟು ಉಳಿದೆಲ್ಲ ಬಳಕೆಗೆ ಕವಿ ಮತ್ತು ಸಂಯೋಜಕರಿಗೆ ರಾಯಲ್ಟಿಯಲ್ಲಿ ಸಮಪಾಲು ಸಲ್ಲಬೇಕು. ಆ ಹಕ್ಕನ್ನು ಅವರು ಕಂಪೆನಿಗೆ ಬರೆದುಕೊಡಲೂ ಸಾಧ್ಯವಿಲ್ಲ, ವಾರಸುದಾರರಿಗೆ ಹೋಗಬಹುದು. ಅಂದರೆ ಈಗ ಕದ್ದು ಇಳಿಸಿಕೊಂಡ ಹಾಡಿನಲ್ಲಿ ಕಂಪೆನಿಯ ಪಾಲಿನ ಜೊತೆ ಒಬ್ಬ ಕವಿಯ, ಅವನ ಮಡದಿ-ಮಕ್ಕಳ ಪಾಲೂ ಹೋಗುತ್ತದೆ. ಹುಡುಗರ ವಾದಕ್ಕೆ ಹಿಂದಿನಷ್ಟು ಬಲವಿಲ್ಲ.

ನಮ್ಮ ಸಮುದಾಯದಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ನಅತ್‌ನ ಸಿ.ಡಿ., ಪ್ರವಚನದ ಸಿ.ಡಿ.ಗಳನ್ನು ಪ್ರತಿ ತೆಗೆದು ಹಂಚುವುದು ಸವಾಬಿನ ಕೆಲಸ ಎಂದು ನಂಬಿದವರು ಬಹಳ. ಹಂಚಿ ಎಂದು ಹೊರತಂದವರೇ ಹೇಳಿದ್ದರೆ ಧಾರಾಳವಾಗಿ ಹಂಚಿ. ಹೇಳದಿದ್ದರೆ? ಸಭೆಯಲ್ಲಿ ನಅತ್ ಹಾಡುವವನ ಮೇಲೆ ನೋಟುಗಳನ್ನು ಸುರಿಯುತ್ತೇವೆ, ಕೈ ಹಿಡಿದು ನಜರಾನ ಕೊಡುತ್ತೇವೆ. ಅದೇ ವ್ಯಕ್ತಿ ಸಾಲ ಮಾಡಿ, ಸ್ಟುಡಿಯೋ ಬಾಡಿಗೆ ಕೊಟ್ಟು, ದಫ್ ಬಾರಿಸುವವರಿಗೆ ಕೂಲಿ ಕೊಟ್ಟು ಒಂದು ಆಲ್ಬಮ್ ಹೊರತಂದರೆ, ಒಂದು ಪ್ರತಿ ಕೊಂಡು ನೂರು ಮನೆಗೆ ವಾಟ್ಸ್ಆ್ಯಪ್ ಮಾಡುತ್ತೇವೆ. ಎದುರಿಗಿದ್ದರೆ ಕೊಡುವ ಕೈ, ಕಣ್ಮರೆಯಾದರೆ ಕೊಡುವುದಿಲ್ಲ. ನಮ್ಮ ಭಾಗದ ಬ್ಯಾರಿ ಹಾಡುಗಾರರ, ದಫ್ ತಂಡಗಳ ಮಾರುಕಟ್ಟೆ ಎಷ್ಟು ಚಿಕ್ಕದೆಂದು ನಿಮಗೆ ಗೊತ್ತು. ಹಿಂದಿ ಸಿನಿಮಾ ಕಂಪೆನಿಗೆ ನೂರು ಪ್ರತಿ ಕಳೆದುಹೋದರೆ ಗೊತ್ತೂ ಆಗುವುದಿಲ್ಲ. ಇವರಿಗೆ ನೂರು ಪ್ರತಿ ಎಂದರೆ ಸಾಲದ ಕಂತು.

ಪುಸ್ತಕದ ಹಕ್ಕು, ಆವಿಷ್ಕಾರದ ಹಕ್ಕು ಮುಂತಾದ ಕಣ್ಣಿಗೆ ಕಾಣದ ಸೊತ್ತುಗಳನ್ನು ಮಾಲಿಕತ್ವವೆಂದು ಪರಿಗಣಿಸಬಹುದೇ ಎಂಬ ಬಗ್ಗೆ ಹಿಂದಿನ ತಲೆಮಾರಿನ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿತ್ತು. ಜ್ಞಾನವನ್ನು ಮಾರಬಾರದೆಂಬ ಕಾಳಜಿ ಅದರ ಹಿಂದೆ ಇತ್ತು. 1988ರ ಡಿಸೆಂಬರಿನಲ್ಲಿ ಕುವೈತಿನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿ ಫಿಕ್ಹ್ ಅಕಾಡೆಮಿ, ಇಂತಹ ಹಕ್ಕುಗಳಿಗೆ ಇಂದು ಬೆಲೆಯಿದೆ, ಅವು ಶರೀಅತ್ ಪ್ರಕಾರ ರಕ್ಷಣೆಗೆ ಅರ್ಹ, ಅವುಗಳನ್ನು ಅತಿಕ್ರಮಿಸಬಾರದು ಎಂದು ನಿರ್ಣಯಿಸಿತು. ಮದ್ರಸದ ಗೋಡೆಯ ಮೇಲೆ ಇದನ್ನು ಬರೆದು ತೂಗುಹಾಕಿದವರನ್ನು ನಾನು ಕಂಡಿಲ್ಲ.

ಹೊರಗಿನ ಉದಾಹರಣೆಯೊಂದನ್ನು ನೋಡಿ. ಬ್ರಿಟನ್ನಿನ ಸಾಮಿ ಯೂಸುಫ್ ಅವರ "ಅಲ್ ಮುಅಲ್ಲಿಮ್" 2003ರಲ್ಲಿ ಬಂತು. 2005ರ "ಮೈ ಉಮ್ಮಃ" ಆಲ್ಬಮನ್ನು ವಾದ್ಯ ಒಪ್ಪುವವರಿಗೊಂದು, ಬರೀ ತಾಳವಾದ್ಯ ಸಾಕೆನ್ನುವವರಿಗೊಂದು ಎಂದು ಎರಡು ಬಗೆಯಲ್ಲಿ ಹೊರತಂದರು. ಕೊಳ್ಳುವವರ ಮನೆಯ ನಿಲುವನ್ನು ಅರಿತು ಸರಕು ತಯಾರಿಸಿದ್ದು ಎಂದರೆ ಇದು. 2009ರಲ್ಲಿ ಸ್ವೀಡನ್ನಿನ ಮಾಹಿರ್ ಝೈನ್ ಅವರ ಮೊದಲ ಆಲ್ಬಮ್ ಬಂದಾಗ ಪ್ರಕಾಶಕರು ಹಾಡುಗಳನ್ನು ಮಾರಾಟಕ್ಕೂ ಇಟ್ಟರು, ಯೂಟ್ಯೂಬಿಗೂ ತಾವೇ ಹಾಕಿದರು. ಅಲ್ಲಿ ನೋಡುವವರು ಹಣ ಕೊಡುವುದಿಲ್ಲ, ಜಾಹೀರಾತಿನಿಂದ ಬರುವ ಹಣದಲ್ಲಿ ಪಾಲು ಪ್ರಕಾಶಕರಿಗೆ ಸಲ್ಲುತ್ತದೆ. ಹಾಗಾಗಿ ಸಹೋದರಿಯರೇ, ನಿಮಗೆ ಇಷ್ಟವಾದ ನಅತ್‌ಅನ್ನು ಹಾಡಿದವರ ಸ್ವಂತ ಚಾನೆಲ್‌ನಲ್ಲೇ ಕೇಳಿ, ಯಾರೋ ಕದ್ದು ಹಾಕಿದ ಚಾನೆಲ್‌ನಲ್ಲಲ್ಲ. ಖರ್ಚಿಲ್ಲದೆ ಕೊಡಬಹುದಾದ ಪಾಲು ಇದು. ಬಂಧುಗಳ ಗುಂಪಿಗೆ ಹಾಡಿನ ಫೈಲ್ ಕಳಿಸುವ ಬದಲು ಆ ಚಾನೆಲ್‌ನ ಕೊಂಡಿಯನ್ನು ಕಳಿಸಿ.

ಕೊಂಡದ್ದೂ ಬಾಡಿಗೆಯದೂ

ಫ್ಲೈಟ್ ಮುಚ್ಚಿದ ಬಳಿಕ ಎರಡು ಬದಲಾವಣೆಗಳಾದವು. 2016ರಲ್ಲಿ ಯುಪಿಐ ಬಂತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಇಂಟರ್ನೆಟ್ ಅಗ್ಗವಾಯಿತು. ಇಂದು ಮೀನು ಮಾರುವವರ ಬುಟ್ಟಿಯ ಪಕ್ಕದಲ್ಲೂ ಕ್ಯೂಆರ್ ಕೋಡ್ ಇದೆ. ಒಂಬತ್ತು ರೂಪಾಯಿ ಕೊಡುವುದು ಈಗ ಒಂಬತ್ತು ಸೆಕೆಂಡಿನ ಕೆಲಸ. ಆದರೆ ಅಷ್ಟರಲ್ಲಿ ಹಾಡನ್ನು ಇಳಿಸಿಕೊಂಡು ಇಟ್ಟುಕೊಳ್ಳುವ ಪದ್ಧತಿಯೇ ಹಿಂದೆ ಬಿತ್ತು. ಸ್ವೀಡನ್ನಿನ ಸ್ಪಾಟಿಫೈ 2008ರಲ್ಲಿ ತೋರಿಸಿದ ದಾರಿಯಲ್ಲಿ ಜಗತ್ತು ಹೋಯಿತು: ತಿಂಗಳಿಗಿಷ್ಟು ಕೊಡಿ, ಬೇಕಾದಷ್ಟು ಕೇಳಿ. ಕೊಡದವರು ಜಾಹೀರಾತು ಸಹಿಸಿಕೊಂಡು ಕೇಳಿ. 2019ರ ಫೆಬ್ರವರಿಯಲ್ಲಿ ಅದು ಭಾರತಕ್ಕೆ ಬಂದಾಗ ತಿಂಗಳಿಗೆ 119 ರೂಪಾಯಿ ಇಟ್ಟಿತ್ತು. ದಿನದ ಲೆಕ್ಕದಲ್ಲಿ ಕೆಲವೇ ರೂಪಾಯಿಯ ಯೋಜನೆಯೂ ಇತ್ತು, ಶಾಂಪೂ ಸ್ಯಾಶೆಯಂತೆ!

ಸೋತುಹೋದ ಆ ಮ್ಯೂಸಿಕ್‌ನೆಟ್, ಪ್ರೆಸ್‌ಪ್ಲೇಗಳ ಬಾಡಿಗೆ ಪದ್ಧತಿಯೇ ಇದು. ಅಂಗಡಿ ಒಂದೇ ಕಡೆ ಇದೆ, ಸರಕು ಎಲ್ಲ ಇದೆ, ಫೋನು ಕೈಯಲ್ಲಿದೆ ಎಂಬುದಷ್ಟೇ ವ್ಯತ್ಯಾಸ. ಅಂತಾರಾಷ್ಟ್ರೀಯ ಸಂಗೀತ ಕಂಪೆನಿಗಳ ಒಕ್ಕೂಟದ ಲೆಕ್ಕದಂತೆ 2024ರಲ್ಲಿ ಜಗತ್ತಿನಲ್ಲಿ 75.2 ಕೋಟಿ ಮಂದಿ ಹಣ ಕೊಟ್ಟು ಹೀಗೆ ಹಾಡು ಕೇಳುತ್ತಿದ್ದರು. ಜನ ಕೊಡುವುದಿಲ್ಲ ಎಂದವರು ಈ ಅಂಕಿಯನ್ನು ನೋಡಬೇಕು. ನಮ್ಮ ದೇಶದಲ್ಲಿ ಬಿಟ್ಟಿ ಕೇಳುವವರೇ ಈಗಲೂ ಬಹುಪಾಲು. 2022ರಲ್ಲಿ ಗಾನಾ ಸಂಸ್ಥೆ ಬಿಟ್ಟಿ ಸೇವೆಯನ್ನು ನಿಲ್ಲಿಸಿ ಚಂದಾದಾರರಿಗೆ ಮಾತ್ರ ಎಂದಿತು.

ಆದರೆ ಬಾಡಿಗೆ ಮನೆಯ ಕಷ್ಟ ನಿಮಗೆ ಗೊತ್ತೇ ಇದೆ. ಮಾಲಿಕ ಹೊರಡಿ ಎಂದರೆ ಹೊರಡಬೇಕು. ಏರ್‌ಟೆಲ್‌ನ ವಿಂಕ್ ಎಂಬ ಹಾಡಿನ ಸೇವೆ 2014ರಲ್ಲಿ ಶುರುವಾಗಿ ಬಹಳ ಜನಪ್ರಿಯವಾಗಿತ್ತು. 2024ರಲ್ಲಿ ಅದನ್ನು ಮುಚ್ಚಲು ಕಂಪೆನಿ ನಿರ್ಧರಿಸಿತು. ಅದರಲ್ಲಿ ವರ್ಷಗಟ್ಟಲೆ ಒಂದೊಂದಾಗಿ ಆಯ್ದು ಜೋಡಿಸಿಟ್ಟಿದ್ದ ಪಟ್ಟಿಗಳು ಹೋದವು. ಫ್ಲೈಟ್‌ನಲ್ಲಿ ಒಂಬತ್ತು ರೂಪಾಯಿ ಕೊಟ್ಟು ಹಾಡು ಕೊಂಡು ಪೆನ್‌ಡ್ರೈವಿಗೆ ಹಾಕಿಟ್ಟವರ ಹಾಡು ಅಂಗಡಿ ಮುಚ್ಚಿದರೂ ಹಾಡುತ್ತಲೇ ಇದೆ. ಅಜ್ಜನ ಟೇಪ್ ರೆಕಾರ್ಡರ್ ಕೆಟ್ಟರೂ ಕ್ಯಾಸೆಟ್ ಕಪಾಟಿನಲ್ಲೇ ಇದೆಯಲ್ಲ, ಹಾಗೆ.

ನಿಮ್ಮ ಮನೆಯಲ್ಲಿ ಮಕ್ಕಳು ಇಂತಹ ಚಂದಾ ಕೇಳಿದರೆ ಎರಡು ವಿಷಯ ನೋಡಿಕೊಳ್ಳಿ. ಮೊದಲ ಕೆಲವು ತಿಂಗಳು ಉಚಿತ ಎಂದು ಬರುವ ಕೊಡುಗೆಗಳಲ್ಲಿ ಆರಂಭದಲ್ಲೇ ಬ್ಯಾಂಕ್ ಖಾತೆಯಿಂದ ಹಣ ತಾನಾಗಿ ಕಡಿತವಾಗಲು ನಿಮ್ಮ ಒಪ್ಪಿಗೆ ಪಡೆದಿರುತ್ತಾರೆ. ಉಚಿತ ಅವಧಿ ಮುಗಿದ ಮಾರನೆಯ ದಿನದಿಂದ ಕಡಿತ ಶುರು. ಫೋನಿನ ಯುಪಿಐ ಆ್ಯಪ್‌ನಲ್ಲಿ ಆಟೋಪೇ ಎಂಬ ವಿಭಾಗವನ್ನು ತೆರೆದರೆ ಯಾರ್ಯಾರಿಗೆ ಹೀಗೆ ಒಪ್ಪಿಗೆ ಕೊಟ್ಟಿದ್ದೀರಿ ಎಂಬ ಪಟ್ಟಿ ಸಿಗುತ್ತದೆ, ಬೇಡದ್ದನ್ನು ಅಲ್ಲೇ ರದ್ದು ಮಾಡಬಹುದು. ಇನ್ನೊಂದು, ಮನೆಯಲ್ಲಿ ಮೂರು ನಾಲ್ಕು ಮಂದಿ ಕೇಳುವವರಿದ್ದರೆ ಒಬ್ಬೊಬ್ಬರಿಗೆ ಒಂದೊಂದು ಚಂದಾ ಕಟ್ಟಬೇಡಿ. ಇಡೀ ಕುಟುಂಬಕ್ಕೆ ಸೇರಿಸಿ ಒಂದೇ ಚಂದಾ ಇರುವ ಯೋಜನೆಗಳಿವೆ, ತಲೆಗೆ ಬೀಳುವ ಖರ್ಚು ಅದರಲ್ಲಿ ಕಡಿಮೆ. ಆಗ ಯಾರು ಏನು ಕೇಳುತ್ತಿದ್ದಾರೆ ಎಂಬ ಚರ್ಚೆಯೂ ಊಟದ ಹೊತ್ತಿನಲ್ಲಿ ತಾನಾಗಿಯೇ ಬರುತ್ತದೆ.